ಪೆಟ್ರೋಲ್ ಬಂಕಿನ ಹಿಂದಿರೋ ಕ್ಯಾಟಲಿಸ್ಟ್‌ಗಳು

ಹರಿಹರದಿಂದ ದಾವಣಗೆರೆಗೆ ಬೈಕಿನಲ್ಲಿ ಬರೋಕೆ ಹೆಚ್ಚುಕಡಿಮೆ ಕಾಲು ಲೀಟರ್ ಪೆಟ್ರೋಲ್ ಸಾಕು. ಆದರೆ ಆ ಕಾಲು ಲೀಟರ್ ತಯಾರಾಗೋ ದಾರಿಯಲ್ಲಿ ಜಿಯೋಲೈಟ್, ಕೋಬಾಲ್ಟ್, ಮಾಲಿಬ್ಡಿನಂ, ಪ್ಲಾಟಿನಂ ಎಲ್ಲಾ ಬರುತ್ತವೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಕ್ರ್ಯಾಕಿಂಗ್, ರಿಫಾರ್ಮಿಂಗ್, ಆಕ್ಟೇನ್ ನಂಬರ್ ಅಂತ ನಾವೆಲ್ಲ ಬೇರೆ ಬೇರೆ ಶಾರ್ಟ್ ನೋಟ್ ಬರೆದು ಬಂದಿದ್ದೇವೆ. ನಿಜವಾದ ರಿಫೈನರಿಯಲ್ಲಿ ಇವು ಬೇರೆ ಬೇರೆ ಅಲ್ಲ, ಒಂದಕ್ಕೊಂದು ಕೊಂಡಿ. ಆ ಕೊಂಡಿಯನ್ನು ಇಲ್ಲಿ ನೋಡೋಣ.

ನಮ್ಮ ರಾಜ್ಯದಲ್ಲಿರೋ ಒಂದೇ ಪೆಟ್ರೋಲಿಯಂ ರಿಫೈನರಿ ಮಂಗಳೂರಿನ ಎಂಆರ್‌ಪಿಎಲ್. 1988ರಲ್ಲಿ ಸ್ಥಾಪನೆಯಾಗಿ, 2003ರಲ್ಲಿ ಒಎನ್‌ಜಿಸಿ ಕೈಗೆ ಬಂತು. ಈಗ ಅದರ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ.

ಕ್ಯಾಟಲಿಸ್ಟ್ ಅಂದ್ರೆ ಹೆಪ್ಪು ಅಲ್ಲ

ಕ್ಯಾಟಲಿಸ್ಟ್‌ಗೆ ಕನ್ನಡದಲ್ಲಿ ವೇಗವರ್ಧಕ ಅಂತೀವಿ. ಹಾಲಿಗೆ ಹಾಕೋ ಹೆಪ್ಪಿಗೆ ಇದನ್ನು ಹೋಲಿಸೋದು ಸುಲಭ, ಆದರೆ ಅಷ್ಟು ಸರಿಯಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ತಾನೇ ಬೆಳೆಯುತ್ತದೆ. ಕ್ಯಾಟಲಿಸ್ಟ್ ಬೆಳೆಯೋದೂ ಇಲ್ಲ, ಕ್ರಿಯೆಯಲ್ಲಿ ಖರ್ಚಾಗೋದೂ ಇಲ್ಲ. ಇನ್ನೊಂದು ಹೋಲಿಕೆ ತಗೊಳ್ಳಿ. ದಾವಣಗೆರೆಯಿಂದ ಮಂಗಳೂರಿಗೆ ಹೋಗಬೇಕಾದರೆ ಘಟ್ಟ ದಾಟಲೇಬೇಕು. ಎತ್ತರದ ಗುಡ್ಡ ಹತ್ತಿ ಇಳಿಯೋ ಬದಲು ತಗ್ಗಾದ ಕಣಿವೆಯೊಂದನ್ನು ತೋರಿಸೋದು ಕ್ಯಾಟಲಿಸ್ಟ್ ಕೆಲಸ. ಹತ್ತಬೇಕಾದ ಎತ್ತರ, ಅಂದ್ರೆ ಆಕ್ಟಿವೇಶನ್ ಎನರ್ಜಿ, ಕಡಿಮೆಯಾಗುತ್ತದೆ. ದಾವಣಗೆರೆ, ಮಂಗಳೂರು ಎರಡೂ ಇದ್ದಲ್ಲೇ ಇರುತ್ತವೆ. ಅದಕ್ಕೇ ಕ್ಯಾಟಲಿಸ್ಟ್ ಈಕ್ವಿಲಿಬ್ರಿಯಂ ಬದಲಿಸೋದಿಲ್ಲ, ಅಲ್ಲಿಗೆ ಬೇಗ ಮುಟ್ಟಿಸುತ್ತದೆ ಅಷ್ಟೆ.

ಮೊದಲ ಹೆಜ್ಜೆಗೆ ಕ್ಯಾಟಲಿಸ್ಟ್ ಬೇಡ

ಕಚ್ಚಾತೈಲವನ್ನು ಸುಮಾರು 350ರಿಂದ 370 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ದೊಡ್ಡ ಗೋಪುರಕ್ಕೆ ಬಿಡುತ್ತಾರೆ. ಕುದಿಯೋ ಬಿಂದುವಿನ ಪ್ರಕಾರ ಗ್ಯಾಸ್, ನಾಫ್ತಾ, ಸೀಮೆಎಣ್ಣೆ, ಡೀಸೆಲ್ ಬೇರೆಯಾಗಿ, ಭಾರದ ಎಣ್ಣೆ ತಳದಲ್ಲಿ ಉಳಿಯುತ್ತದೆ. ಇದು ಬರೀ ಬೇರ್ಪಡಿಸೋ ಕೆಲಸ, ಒಂದು ಅಣುವೂ ಬದಲಾಗಿಲ್ಲ. ಇಲ್ಲಿ ಮೂರು ತೊಂದರೆ ಉಳೀತವೆ: ತಳದ ಭಾರದ ಎಣ್ಣೆ ಜಾಸ್ತಿ, ನಾಫ್ತಾದ ಆಕ್ಟೇನ್ ಕಡಿಮೆ, ಎಲ್ಲದರಲ್ಲೂ ಗಂಧಕ. ಮೂರಕ್ಕೂ ಉತ್ತರ ಕ್ಯಾಟಲಿಸ್ಟ್.

ಒಡೆಯೋದು: ಕ್ರ್ಯಾಕಿಂಗ್

ಉದ್ದ ಸರಪಳಿಯ ಅಣುಗಳನ್ನು ತುಂಡು ಮಾಡೋದು ಎಫ್‌ಸಿಸಿ ಘಟಕ. ಇದರಲ್ಲಿ ಬಳಸೋದು ವೈ ಜಿಯೋಲೈಟ್ ಇರೋ ನುಣುಪಾದ ಪುಡಿ. ಜಿಯೋಲೈಟ್‌ನ ರಂಧ್ರದ ಅಗಲ ಸುಮಾರು 0.74 ನ್ಯಾನೋಮೀಟರ್. ಒಳಗಿನ ಆಮ್ಲೀಯ ಜಾಗಗಳಲ್ಲಿ ಹೈಡ್ರೋಕಾರ್ಬನ್ ಕಾರ್ಬೋಕ್ಯಾಟಯಾನ್ ಆಗಿ, ಆಮೇಲೆ ಒಡೆಯುತ್ತದೆ. ಬರೀ ಶಾಖದಿಂದ ಒಡೆದರೆ ಫ್ರೀ ರ್‍ಯಾಡಿಕಲ್ ದಾರಿ. ಕಾರ್ಬೋಕ್ಯಾಟಯಾನ್ ದಾರಿಯಲ್ಲಿ ಕವಲು ಇರೋ ಅಣುಗಳು ಹೆಚ್ಚು ಸಿಗುತ್ತವೆ, ಆಕ್ಟೇನ್ ಏರುತ್ತದೆ.

ಪುಡಿ ಮತ್ತು ಎಣ್ಣೆ ಒಟ್ಟಿಗೆ ಇರೋದು ಕೆಲವೇ ಸೆಕೆಂಡು, 500 ಡಿಗ್ರಿ ಮೇಲಿನ ಶಾಖದಲ್ಲಿ. ಅಷ್ಟರಲ್ಲೇ ಪುಡಿ ಮೇಲೆ ಇಂಗಾಲ ಕೂತು ಕಪ್ಪಾಗುತ್ತದೆ, ಕೆಲಸ ನಿಧಾನವಾಗುತ್ತದೆ. ಅದನ್ನು ರೀಜನರೇಟರ್‌ಗೆ ಕಳಿಸಿ, ಗಾಳಿ ಊದಿ, ಸುಮಾರು 700 ಡಿಗ್ರಿಯಲ್ಲಿ ಇಂಗಾಲ ಸುಡುತ್ತಾರೆ. ಬಿಸಿಯಾದ ಪುಡಿ ವಾಪಸ್ ಬಂದು ಮುಂದಿನ ಎಣ್ಣೆಗೆ ಶಾಖ ಕೊಡುತ್ತದೆ. ಕ್ಯಾಟಲಿಸ್ಟ್‌ನ ಕೊಳೆಯೇ ಘಟಕಕ್ಕೆ ಸೌದೆ! ಎಂಆರ್‌ಪಿಎಲ್‌ನ ಎಫ್‌ಸಿಸಿಯಿಂದ ಬರೋ ಪ್ರೊಪಿಲೀನ್ ಪಕ್ಕದ ಪಾಲಿಪ್ರೊಪಿಲೀನ್ ಘಟಕಕ್ಕೆ ಹೋಗುತ್ತದೆ. ಅಲ್ಲಿ ಹೈಡ್ರೋಕ್ರ್ಯಾಕರ್‌ಗಳೂ ಇವೆ. ಅವು ಹೈಡ್ರೋಜನ್ ಒತ್ತಡದಲ್ಲಿ ಒಡೆದು ಒಳ್ಳೆ ಡೀಸೆಲ್ ಕೊಡುತ್ತವೆ.

ಗಂಧಕ ತೆಗೆಯೋದು

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದಾಗ ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಕೋಬಾಲ್ಟ್-ಮಾಲಿಬ್ಡಿನಂ ಕ್ಯಾಟಲಿಸ್ಟ್ ಅನ್ನು ಅಲ್ಯೂಮಿನಾ ಮೇಲೆ ಕೂರಿಸಿ, 300ರಿಂದ 400 ಡಿಗ್ರಿಯಲ್ಲಿ ಹೈಡ್ರೋಜನ್ ಜೊತೆ ಎಣ್ಣೆ ಹಾಯಿಸುತ್ತಾರೆ. ಉದಾಹರಣೆಗೆ:

ಥಯೋಫೀನ್ + 4 ಹೈಡ್ರೋಜನ್ → ಬ್ಯೂಟೇನ್ + ಹೈಡ್ರೋಜನ್ ಸಲ್ಫೈಡ್

50ರಿಂದ 10ಕ್ಕೆ ಇಳಿಸೋದು ಯಾಕೆ ಕಷ್ಟ? ಸುಲಭದ ಗಂಧಕ ಮೊದಲೇ ಹೋಗಿರುತ್ತದೆ. ಡೀಸೆಲ್‌ನಲ್ಲಿ ಕೊನೆಗೆ ಉಳಿಯೋದು ಡೈಮೀಥೈಲ್ ಡೈಬೆಂಜೋಥಯೋಫೀನ್ ಥರದ ಅಣು. ಅದರಲ್ಲಿ ಗಂಧಕದ ಎರಡೂ ಪಕ್ಕ ಮೀಥೈಲ್ ಗುಂಪು ಕಾವಲು ನಿಂತಿರುತ್ತದೆ, ಕ್ಯಾಟಲಿಸ್ಟ್‌ಗೆ ಗಂಧಕ ಸಿಗೋದೇ ಇಲ್ಲ. ಸ್ಟೆರಿಕ್ ಹಿಂಡ್ರೆನ್ಸ್ ಅಂತ ಓದಿದ್ದೆವಲ್ಲ, ಅದು ಇದೇ. ಹೊರಬಂದ ವಿಷಾನಿಲ ಹೈಡ್ರೋಜನ್ ಸಲ್ಫೈಡ್ ಅನ್ನು ಕ್ಲಾಸ್ ಪ್ರಕ್ರಿಯೆಯಲ್ಲಿ ಹಳದಿ ಗಂಧಕವಾಗಿ ಮಾಡಿ ಮಾರುತ್ತಾರೆ.

ರೂಪ ಬದಲಿಸೋದು: ರಿಫಾರ್ಮಿಂಗ್

ಗಂಧಕ ಕಳೆದ ನಾಫ್ತಾ ಈಗ ಪ್ಲಾಟಿನಂ ಕ್ಯಾಟಲಿಸ್ಟ್ ಮೇಲೆ, ಸುಮಾರು 500 ಡಿಗ್ರಿಯಲ್ಲಿ ಹಾಯುತ್ತದೆ.

ಮೀಥೈಲ್ ಸೈಕ್ಲೋಹೆಕ್ಸೇನ್ → ಟಾಲ್ಯೂಯಿನ್ + 3 ಹೈಡ್ರೋಜನ್

ಇಂಗಾಲದ ಸಂಖ್ಯೆ ಅಷ್ಟೇ, ಆಕ್ಟೇನ್ ಮಾತ್ರ ಜಿಗಿಯುತ್ತದೆ. ಜೊತೆಗೆ ಬಂದ ಹೈಡ್ರೋಜನ್ ಹಿಂದಿನ ಗಂಧಕ ತೆಗೆಯೋ ಘಟಕಕ್ಕೆ ಹೋಗುತ್ತದೆ. ಕೊಂಡಿ ಅಂದಿದ್ದು ಇದಕ್ಕೇ: ಗಂಧಕ ತೆಗೆಯದಿದ್ದರೆ ಪ್ಲಾಟಿನಂ ಸಾಯುತ್ತದೆ, ಪ್ಲಾಟಿನಂ ಕೆಲಸ ಮಾಡದಿದ್ದರೆ ಗಂಧಕ ತೆಗೆಯೋಕೆ ಹೈಡ್ರೋಜನ್ ಸಾಲದು. ಇನ್ನೊಂದು ಮಜಾ ನೋಡಿ. ಪ್ಲಾಟಿನಂಗೆ ವಿಷವಾಗೋ ಗಂಧಕವೇ ಕೋಬಾಲ್ಟ್-ಮಾಲಿಬ್ಡಿನಂಗೆ ಬೇಕು. ಅದು ಸಲ್ಫೈಡ್ ರೂಪದಲ್ಲೇ ಚುರುಕು. ಒಬ್ಬರ ಊಟ ಇನ್ನೊಬ್ಬರಿಗೆ ವಿಷ.

ಆಕ್ಟೇನ್ ಏರಿಸೋಕೆ ಈಗ ಎಥನಾಲ್ ಕೂಡ ಸೇರಿಸುತ್ತಾರೆ. ಯೀಸ್ಟ್‌ನ ಕಿಣ್ವಗಳು ಕಾಕಂಬಿಯ ಸಕ್ಕರೆಯನ್ನು ಎಥನಾಲ್ ಮಾಡುತ್ತವೆ. ಕಿಣ್ವವೂ ವೇಗವರ್ಧಕವೇ.

ಕೊನೆಯ ಕ್ಯಾಟಲಿಸ್ಟ್ ನಮ್ಮ ಕೈಯಲ್ಲಿದೆ

ಇಷ್ಟೆಲ್ಲ ಕಷ್ಟಪಟ್ಟು 10 ಪಿಪಿಎಂಗೆ ಇಳಿಸಿದ್ದು ಯಾರಿಗಾಗಿ? ಒಂದು ಮುಖ್ಯ ಕಾರಣ ಬೈಕಿನ ಹೊಗೆ ಕೊಳವೆಯೊಳಗೆ ಕೂತಿರೋ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂಥ ತಳಹದಿ ಮೇಲೆ ಬಳಿದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಕಾರ್ಬನ್ ಮಾನಾಕ್ಸೈಡ್ ಅನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತವೆ, ನೈಟ್ರೋಜನ್ ಆಕ್ಸೈಡ್‌ಗಳನ್ನು ನೈಟ್ರೋಜನ್ ಮಾಡುತ್ತವೆ. ಸೀಸ ಇದನ್ನು ಪೂರ್ತಿ ಹಾಳು ಮಾಡುತ್ತದೆ. 2000ದಲ್ಲಿ ದೇಶಾದ್ಯಂತ ಸೀಸದ ಪೆಟ್ರೋಲ್ ನಿಲ್ಲಿಸಿದ್ದಕ್ಕೆ, ಆರೋಗ್ಯದ ಜೊತೆಗೆ ಇದೂ ಕಾರಣ. ಗಂಧಕವೂ ಇದರ ಚುರುಕನ್ನು ಕಡಿಮೆ ಮಾಡುತ್ತದೆ.

ಈಗ ಕ್ಯಾಂಪಸ್ ಪಾರ್ಕಿಂಗ್ ಕಡೆ ನೋಡಿ. ಸೌಂಡ್ ಬರಲಿ ಅಂತ ಕಂಪನಿ ಸೈಲೆನ್ಸರ್ ತೆಗೆಸಿ ಬೇರೆ ಹಾಕಿಸಿದ ಬೈಕುಗಳು ಎಷ್ಟಿವೆ? ಕನ್ವರ್ಟರ್ ಅದರ ಜೊತೆಗೇ ಇದ್ದರೆ ಅದೂ ಹೋಯಿತು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಗುಣಮಟ್ಟ ಮಾನದಂಡ ಮುಟ್ಟದ ಊರುಗಳ ಪಟ್ಟಿ ಇದೆ. ಕರ್ನಾಟಕದಿಂದ ಅದರಲ್ಲಿರೋದು ನಾಲ್ಕೇ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ನಮ್ಮ ದಾವಣಗೆರೆ. ಧೂಳಿನದು ಬೇರೆ ಲೆಕ್ಕ, ಅದು ನಮ್ಮೊಬ್ಬರ ಕೈಲಿಲ್ಲ. ಆದರೆ ಸೈಲೆನ್ಸರ್ ನಮ್ಮದೇ. ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿಸೋ ಮುಂಚೆ, ಒಳಗೆ ಕನ್ವರ್ಟರ್ ಇದೆಯಾ ಅಂತ ಮೆಕ್ಯಾನಿಕ್‌ನ ಒಂದು ಮಾತು ಕೇಳೋಣ.