ಹಸುಳೆಯ ಬೆಳವಣಿಗೆಯಲ್ಲಿ ವಿಳಂಬ: ತೊಟ್ಟಿಲಿನಿಂದ ಚಿಕಿತ್ಸೆಯವರೆಗಿನ ದಾರಿ

ಕೂಸಿನ ಬೆಳವಣಿಗೆಗೆ ನಮ್ಮ ನುಡಿಯಲ್ಲಿ ಒಂದು ಪಂಚಾಂಗವೇ ಉಂಟು. ಕತ್ತು ನಿಲ್ಲುವುದು, ಬೋರಲು ಬೀಳುವುದು, ಅಂಬೆಗಾಲಿಡುವುದು, ತಪ್ಪುಹೆಜ್ಜೆ, ತೊದಲುನುಡಿ ಎಂಬ ಮಾತುಗಳು ಶಾಸ್ತ್ರಗ್ರಂಥಗಳಿಂದ ಇಳಿದು ಬಂದವಲ್ಲ. ಹೆತ್ತವರು ಕಣ್ಣಿಟ್ಟು ನೋಡಿ ಇಟ್ಟ ಹೆಸರುಗಳು. ಮಗು ಹೊಸ್ತಿಲು ದಾಟಿದ ದಿನ ಸಿಹಿ ಹಂಚುವ ಮನೆಗಳು ನಮ್ಮ ಸೀಮೆಯಲ್ಲಿ ಇಂದಿಗೂ ಇವೆ. ಆದರೆ ಯಾವುದಾದರೊಂದು ಹಂತ ಕಾಲಕ್ಕೆ ಬಾರದಿದ್ದಾಗ ಅದೇ ಮನೆಯ ಹಿರಿಯರು, "ಇವನ ಅಪ್ಪನೂ ತಡವಾಗಿಯೇ ಮಾತು ಕಲಿತ" ಎಂದು ಸಮಾಧಾನ ತಂದುಕೊಳ್ಳುವರು. ಈ ಸಮಾಧಾನದಲ್ಲಿ ಕಳೆದುಹೋಗುವ ತಿಂಗಳುಗಳನ್ನು ಕುರಿತು ಅಧ್ಯಾಪಕ ಬಂಧುಗಳಲ್ಲಿಯೂ ದಾನಿಗಳಲ್ಲಿಯೂ ಕೆಲವು ಮಾತುಗಳನ್ನು ನಿವೇದಿಸಬಯಸುತ್ತೇನೆ.

ಇಂತಹ ಸ್ಥಿತಿಯನ್ನು 'ಕುಂಠಿತ' ಎಂದು ಬರೆಯುವ ರೂಢಿಯಿದೆ. ಕುಂಠಿತವೆಂದರೆ ಮೊಂಡಾದದ್ದು. ಹಸುಳೆಯ ವಿಷಯದಲ್ಲಿ ಈ ಶಬ್ದ ನನಗೆ ಒಪ್ಪಿಗೆಯಾಗದು, 'ವಿಳಂಬ'ವೆಂಬುದೇ ಯುಕ್ತ.

ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ದಿನ ತುಂಬುವ ಮುನ್ನ ಹುಟ್ಟಿದ ಮಗುವಿಗೆ ಮಾತ್ರ ಹೆರಿಗೆಯ ನಿರೀಕ್ಷಿತ ದಿನದಿಂದ ಲೆಕ್ಕ ಹಿಡಿಯುವುದು ಕ್ರಮ.

ಕಿವಿಯ ವಿಷಯ ಇನ್ನೂ ಸೂಕ್ಷ್ಮ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಇತರರಂತೆಯೇ ಅಳುತ್ತದೆ, ನಗುತ್ತದೆ, ದನಿ ಮಾಡುತ್ತದೆ. ಆದಕಾರಣ ಮನೆಯವರಿಗೆ ಸಂಶಯವೇ ಬಾರದು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರ ಹಾಗೂ ಶಿಕ್ಷಣದ ಆರಂಭ ಎಂಬುದು ತಜ್ಞರ ಸೂತ್ರ. ನಾಲ್ಕನೆಯ ವರ್ಷದಲ್ಲಿ "ಮಾತು ಬಂದಿಲ್ಲ" ಎಂದು ಹೊರಡುವವರಿಗೆ ಮಿದುಳು ಭಾಷೆಯನ್ನು ಸುಲಭವಾಗಿ ಹೀರುವ ಕಾಲದ ಬಹುಭಾಗ ಆಗಲೇ ಮೀರಿರುತ್ತದೆ. ಜನ್ಮತಃ ಥೈರಾಯ್ಡ್ ಗ್ರಂಥಿಯ ರಸ ಸಾಲದ ಮಗುವಿನದು ಮತ್ತಷ್ಟು ತುರ್ತು: ಮೊದಲ ಕೆಲವೇ ವಾರಗಳಲ್ಲಿ ದಿನಕ್ಕೊಂದು ಸಾಮಾನ್ಯ ಮಾತ್ರೆ ಆರಂಭವಾದರೆ ಬುದ್ಧಿ ಉಳಿಯುತ್ತದೆ, ತಡವಾದರೆ ಹಾನಿ ಶಾಶ್ವತ.

ಸೌಲಭ್ಯವೇ ಇಲ್ಲವೆನ್ನಲಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ಸಂಚಾರಿ ತಂಡ ವರ್ಷಕ್ಕೆರಡು ಬಾರಿ ಅಂಗನವಾಡಿಗೂ ಒಮ್ಮೆ ಶಾಲೆಗೂ ಬರಬೇಕು. ವಿಳಂಬ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕು. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅರಸೀಕೆರೆ ಜಂಕ್ಷನ್ನಿನಿಂದ ಹಾಸನದ ಮಾರ್ಗವಾಗಿ ಅಲ್ಲಿಗೆ ರೈಲೂ ಉಂಟು.

ತೊಡಕು ಇರುವುದು ಬೇರೆಡೆ. ಅಂಗನವಾಡಿಯಲ್ಲಿ ಕುಳಿತು ಕಲಿಯುವವರು ಮೂರು ವರ್ಷ ಮೀರಿದ ಮಕ್ಕಳು. ತಂಡ ಬಂದ ದಿನ ಎಂಟು ತಿಂಗಳ ಹಸುಳೆ ಮನೆಯ ತೊಟ್ಟಿಲಲ್ಲಿರುತ್ತದೆ, ತಾಯಿ ಕೂಲಿಗೆ ಹೋಗಿರುತ್ತಾಳೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುವ ಏರ್ಪಾಡಿದೆಯಾದರೂ ಬೇಲೂರಿನ ಪಶ್ಚಿಮದ ಕಾಫಿ ತೋಟಗಳಲ್ಲಿ ಊರಿಂದೂರಿಗೆ ಅಲೆಯುವ ಕುಟುಂಬಗಳು ಅವಳ ಪಟ್ಟಿಯಿಂದಲೇ ಜಾರಿಬಿಡುವುದುಂಟು. ವಿಳಂಬ ಗೊತ್ತಾದ ಮೇಲೂ ಅಂಗಸಾಧನೆ, ಮಾತಿನ ಅಭ್ಯಾಸಗಳು ಒಂದು ದಿನದ ಕೆಲಸವಲ್ಲ. ತಿಂಗಳುಗಟ್ಟಲೆ ಹೋಗಿ ಬರಬೇಕು. ಅರಸೀಕೆರೆಯಿಂದಲೂ ಬೇಲೂರಿನಿಂದಲೂ ಹಾಸನ ಸುಮಾರು 40 ಕಿಲೋಮೀಟರು. ಹಳ್ಳಿಯಿಂದ ಹೋಬಳಿಗೆ ಬರುವ ದಾರಿ ಬೇರೆ. ಕತ್ತು ನಿಲ್ಲದ ಮಗುವನ್ನು ಎತ್ತಿಕೊಂಡು ಬಸ್ಸು ಬದಲಿಸುವ ತಾಯಿ ಅಂದಿನ ಕೂಲಿಯನ್ನೂ ಕಳೆದುಕೊಳ್ಳುತ್ತಾಳೆ. ಎರಡು ಬಾರಿ ಹೋಗಿ ಮೂರನೆಯ ಬಾರಿಗೆ ನಿಂತುಬಿಟ್ಟರೆ ಅವಳನ್ನು ದೂರುವುದು ನ್ಯಾಯವಲ್ಲ.

ಇಲ್ಲಿ ಶಾಲೆಗೆ ಕೆಲಸವಿದೆ. ಯಾವ ವಿದ್ಯಾರ್ಥಿಯ ಮನೆಯಲ್ಲಿ ಎಳೆಗೂಸಿದೆಯೆಂಬುದು ತರಗತಿಯ ಅಧ್ಯಾಪಕರಿಗೆ ತಿಳಿದಿರುತ್ತದೆ. ತಮ್ಮನನ್ನು ನೋಡಿಕೊಳ್ಳಲು ಗೈರುಹಾಜರಾಗುವ ಅಕ್ಕನೇ ಅದಕ್ಕೆ ಸಾಕ್ಷಿ. ತಂಡ ಬರುವ ದಿನವನ್ನು ಮುಂಚಿತವಾಗಿ ತಿಳಿದು, ಕೂಸನ್ನೂ ತಾಯಿ ಕಾರ್ಡನ್ನೂ ತರುವಂತೆ ಮಕ್ಕಳ ಕೈಯಲ್ಲಿ ಮನೆಗೆ ಚೀಟಿ ಕಳುಹಿಸಬಹುದು. ಆ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳು ಅಚ್ಚಾಗಿವೆ. ಚುಚ್ಚುಮದ್ದಿನ ಪುಟವನ್ನಲ್ಲದೆ ಬೇರೆಯದನ್ನು ತೆರೆಯುವವರೇ ವಿರಳ. ಇನ್ನು ದಾನಿಗಳಲ್ಲಿ ಒಂದು ಕೋರಿಕೆ. ಕಟ್ಟಡಗಳಿಗೆ ಕೊಡುವವರಿಗೆ ಕೊರತೆಯಿಲ್ಲ. ಬಸ್ಸಿನ ದುಡ್ಡಿಗೂ ತಾಯಿಯ ಒಂದು ದಿನದ ಕೂಲಿಗೂ ಕೊಡುವವರು ಬೇಕು. ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಶಾಲಾ ವಾಹನ ಸಂಜೆಯವರೆಗೆ ನಿಂತೇ ಇರುತ್ತದೆ. ವಾರಕ್ಕೊಂದು ದಿನ ಅದು ಐದಾರು ತಾಯಂದಿರನ್ನು ಹಾಸನಕ್ಕೆ ಕರೆದೊಯ್ದು ಮೂರೂವರೆಯೊಳಗೆ ಮರಳಿಸುವುದಾದರೆ ಶಾಲೆಯ ವೇಳಾಪಟ್ಟಿಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.