ಬ್ಯಾಟರಿ ಬೈರಿಗೆ

ಬಡಗಿ ಕೆಲಸದ ನಮ್ಮ ಮಾವ ಮೊದಲು ಕೈಬೈರಿಗೆಯಲ್ಲಿ ತೂತು ಕೊರೆಯುತ್ತಿದ್ದರು. ಈಗ ಬ್ಯಾಟರಿ ಡ್ರಿಲ್ಲು ತಂದಿದ್ದಾರೆ. ಅವರಿಂದ ಕಲಿತದ್ದನ್ನು ಬರೆದಿದ್ದೇನೆ.

ಇದಕ್ಕೆ ವೈರಿಲ್ಲ, ಆದ್ರೆ ಕರೆಂಟ್ ಇದೆ. 18 ವೋಲ್ಟಿನ ಬ್ಯಾಟರಿಯೊಳಗೆ 3.6 ವೋಲ್ಟಿನ 5 ಸೆಲ್ಲುಗಳು ಸಾಲಾಗಿ ಜೋಡಿಸಿರುತ್ತವೆ. ವೈರಿನ ಡ್ರಿಲ್ಲು ಪ್ಲಗ್ ಕಿತ್ತರೆ ಸತ್ತಂಗೆ. ಇದು ಹಾಗಲ್ಲ, ಗುಂಡಿಗೆ ಬೆರಳು ತಾಗಿದ್ರೂ ತಿರುಗುತ್ತೆ. ಆದ್ದರಿಂದ ಬಿಟ್ ಬದಲಿಸುವ ಮೊದಲು ಬ್ಯಾಟರಿ ತೆಗೆಯಬೇಕು.

ಮೂತಿಯ ಹತ್ತಿರದ ಬಳೆಯಲ್ಲಿ ಅಂಕಿಗಳಿವೆ. ಸ್ಕ್ರೂ ಹಾಕಲು ಸಣ್ಣ ಅಂಕಿಯಿಂದ ಶುರು ಮಾಡಬೇಕು. ಸ್ಕ್ರೂ ಬಿಗಿಯಾದಾಗ ‘ಟಕಟಕ’ ಅಂತ ಸದ್ದಾಗಿ ಬಿಟ್ ತಿರುಗೋದು ನಿಲ್ಲುತ್ತೆ. ಸ್ಕ್ರೂವಿನ ತಲೆ ಸವೆಯುವುದಿಲ್ಲ.

ಹಲಗೆಯನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪಿನಲ್ಲಿ ಬಿಗಿಯಬೇಕು. ಕಣ್ಣಿಗೆ ಕನ್ನಡಕ ಬೇಕು. ಸಡಿಲ ತೋಳು, ಇಳಿಬಿಟ್ಟ ಜಡೆ ಬೇಡ. ದೊಡ್ಡವರು ಪಕ್ಕದಲ್ಲಿಲ್ಲದೆ ಮುಟ್ಟಬಾರದು.