ನೂರಕ್ಕೆ ನೂರು ಪಾಸಂತೆ!

ಮದ್ದೂರು ತಾಲ್ಲೂಕು, ಚಿಕ್ಕರಸಿನಕೆರೆ ಹೋಬಳಿ. ಅಲ್ಲೊಂದು ಹಳ್ಳಿ. ಮಗಳು ಏಳನೇ ತರಗತಿ ಮುಗಿಸಿದ್ದಾಳೆ. ಇನ್ನು ಹೈಸ್ಕೂಲು. ಯಾವ ಶಾಲೆಗೆ ಸೇರಿಸುವುದು? ಅವ್ವನಿಗೆ ಅದೇ ಯೋಚನೆ.

"ಆ ಶಾಲೇಲಿ ನೂರಕ್ಕೆ ನೂರು ಪಾಸಂತೆ ಕಣಕ್ಕ. ಅಲ್ಲಿಗೇ ಸೇರ್ಸು" ಅಂದಳು ಪಕ್ಕದ ಮನೆಯವಳು.

ಅವ್ವ ಈಗ ಓದು ಬರಹ ಕಲಿತವಳು. ಎರಡು ಸರ್ಕಾರಿ ಪ್ರೌಢಶಾಲೆಗಳಿಗೆ ತಾನೇ ಹೋದಳು. ಎರಡೂ ಕಡೆ ಒಂದೇ ಮಾತು ಕೇಳಿದಳು.

"ಈ ಸಲ ಹತ್ತನೇ ಕ್ಲಾಸು ಬರೆದ ಮಕ್ಳು, ಎಂಟಕ್ಕೆ ಸೇರಿದಾಗ ಎಷ್ಟು ಜನ ಇದ್ರು ಸಾ?"

ಮೇಷ್ಟ್ರು ಪುಸ್ತಕ ತೆಗೆದು ಹೇಳಿದರು. ಅವ್ವ ಬರೆದುಕೊಂಡಳು.

ಮೊದಲನೇ ಶಾಲೆ: ಸೇರಿದವರು 40. ಪರೀಕ್ಷೆ ಬರೆದವರು 20. ಪಾಸಾದವರು 20.

ಎರಡನೇ ಶಾಲೆ: ಸೇರಿದವರು 40. ಪರೀಕ್ಷೆ ಬರೆದವರು 38. ಪಾಸಾದವರು 32.

(ಇದು ಪಾಠಕ್ಕೆಂದು ಮಾಡಿದ ಲೆಕ್ಕ. ಯಾವ ಶಾಲೆಯದೂ ಅಲ್ಲ.)

ಮೊದಲನೆಯದು ನೂರಕ್ಕೆ ನೂರು, ನಿಜ. ಆದರೆ ಉಳಿದ 20 ಮಕ್ಕಳು ಎಲ್ಲಿ? ಕೆಲವರು ಬೇರೆ ಶಾಲೆಗೆ ಹೋಗಿರಬಹುದು. ಕೆಲವರು ಆಲೆಮನೆ ಕೆಲಸಕ್ಕೆ. ಹೆಣ್ಣುಮಕ್ಕಳಿಗೆ ಮದುವೆಯೇ ಆಗಿರಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿವರೆಗೆ. ಮಕ್ಕಳು ಜಾರಿಹೋಗುವುದು ಅದರ ಮುಂದೆ.

ಹೋಲಿಸುವಾಗ ಒಂದೇ ವರ್ಷದ ಲೆಕ್ಕ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಇಡೀ ರಾಜ್ಯದಲ್ಲಿ 2023ರಲ್ಲಿ ನೂರಕ್ಕೆ ಸುಮಾರು 84 ಮಂದಿ ಪಾಸಾದರು. 2024ರಲ್ಲಿ ಸುಮಾರು 73. ಆ ವರ್ಷ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂದಿತ್ತು! ಒಂದು ಶಾಲೆಯ ಹಳೇ ಲೆಕ್ಕ, ಇನ್ನೊಂದರ ಹೊಸ ಲೆಕ್ಕ ತೂಗಿದರೆ ತಕ್ಕಡಿ ತಪ್ಪುತ್ತದೆ.

ಗಣಿತಕ್ಕೆ, ವಿಜ್ಞಾನಕ್ಕೆ ಮೇಷ್ಟ್ರು ಇದ್ದಾರಾ? ಅದನ್ನೂ ಅವ್ವ ಕೇಳಿದಳು. ಹುಡುಗಿಯರ ಶೌಚಾಲಯದ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಳು. ಇದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ.

ಶಾಲೆಯಲ್ಲಿ ಲೆಕ್ಕ ಹೇಳದಿದ್ದರೆ? 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಬರೆದು 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಮಗಳು ಎರಡನೇ ಶಾಲೆಗೆ ಸೇರಿದಳು. ಅದು ಕೆ.ಎಂ. ದೊಡ್ಡಿ ಕಡೆ, ಸ್ವಲ್ಪ ದೂರ. ಸಂಜೆ ಬಸ್ಸು ಇಳಿದು ಕಬ್ಬಿನ ಗದ್ದೆ ನಡುವೆ ನಡೆಯಬೇಕು.

"ಒಬ್ಬಳೇ ಬರ್ಬೇಡ ಮಗ" ಅಂದಳು ಅವ್ವ. ಪಕ್ಕದ ಮನೆಯವಳ ಮಗಳನ್ನೂ ಅದೇ ಶಾಲೆಗೆ ಸೇರಿಸಿದರು.

ನಿಮ್ಮೂರಿನ ಶಾಲೆಗೆ ಹೋಗಿ ಕೇಳಿ, ಇಲ್ಲಿ ಬರೆಯಿರಿ:

ಎಂಟಕ್ಕೆ ಸೇರಿದವರು ........
ಹತ್ತರ ಪರೀಕ್ಷೆ ಬರೆದವರು ........
ಪಾಸಾದವರು ........